ಹೆಂಗೂ ಬಂದೀಯಲ್ಲ

ಒಂದೇ ತಿಂಗಳಲ್ಲಿ ನಮ್ಮೂರಿನ ಎರಡು ಎದೆ ಸೀಳಿದರು. ಒಂದು ವಾಡೆಯ, ಎಂದರೆ ಊರಿನ ದೊಡ್ಡ ಮನೆಯ, ಶ್ರೀಪಾಲ ಧಣಿಯದು. ಇನ್ನೊಂದು ನಮ್ಮತ್ತೆ ಹೊಳೆವ್ವನದು. ದವಾಖಾನೆ ಒಂದೇ, ಡಾಕ್ಟರೂ ಒಬ್ಬರೇ. ಇಬ್ಬರ ಕಾಲಿನಿಂದಲೂ ನರ ತೆಗೆದು ಎದೆಗೆ ಹೊಲಿದರು. ಇಬ್ಬರ ಎದೆಯ ಎಲುಬನ್ನೂ ಒಂದೇ ನಮೂನೆಯ ತಂತಿಯಿಂದ ಕಟ್ಟಿದರು. ಒಳಗೆ ಕೈ ಹಾಕಿದ ಡಾಕ್ಟರಿಗೆ ಇದು ವಾಡೆಯ ಎದೆ, ಇದು ಕೇರಿಯ ಎದೆ ಎಂದು ಗುರುತು ಸಿಕ್ಕಿರಲಿಕ್ಕಿಲ್ಲ. ಗುರುತು ಊರಿಗೆ ಬಂದ ಮೇಲೆ ಸಿಕ್ಕಿತು.

ನಾನು ಗಂಗಾ, ಹೊಳೆವ್ವನ ಸೊಸೆ. ಕಬ್ಬು ಕಡಿಯುವ ಗ್ಯಾಂಗಿನವಳು. ನನ್ನ ಬಾಯಿ ಜೋರು ಎಂದು ಕೇರಿಯಲ್ಲಿ ಹೆಸರಿದೆ. ಆ ಹೆಸರು ಹಬ್ಬಿಸಿದವಳು ನಮ್ಮತ್ತೆಯೇ. ಆಪರೇಶನ್ ಆಗಿ ಅವಳಿಗೆ ಎಚ್ಚರ ಬಂದಾಗ ನಾನು ಮಂಚದ ಪಕ್ಕ ಅಳುತ್ತ ನಿಂತಿದ್ದೆ. ಮೂಗಿಗೆ ನಳಿಗೆ, ಎದೆ ತುಂಬ ಪಟ್ಟಿ. ದನಿ ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ ಕೇಳಿದಳು:

"ಎದಿ ತೆರದಾಗ ಡಾಕ್ಟರ್ ಏನರೆ ಅಂದ್ರೇನ?"

"ಏನ ಅಂತಾರ ಬೇ ಅತ್ತಿ?"

"ನೀ ಬೈದದ್ದೆಲ್ಲಾ ಒಳಗ ಇಟ್ಟೀನಿ. ತಗದ ಹೊರಗ ಒಗದ್ರೋ, ಮತ್ತ ಒಳಗ ಇಟ್ಟ ಹೊಲದ್ರೋ?"

ನನ್ನ ಅಳು ಅಲ್ಲೇ ನಿಂತಿತು. ಮುದುಕಿ ಬದುಕಿದಳು ಎಂದು ನನಗೆ ಆಗಲೇ ಖಾತ್ರಿಯಾಯಿತು.

ಮನೆಗೆ ಕಳಿಸುವಾಗ ದವಾಖಾನೆಯವರು ಇಬ್ಬರಿಗೂ ಒಂದೇ ಪಾಠ ಹೇಳಿದರು. ಎಲುಬು ಕೂಡುವ ತನಕ ತುಂಬಿದ ಕೊಡ ಎತ್ತಬಾರದು. ಬಗ್ಗಿ ಕಸ ಹೊಡೆಯಬಾರದು. ಕೆಮ್ಮು ಬಂದರೆ ಎದೆಗೆ ದಿಂಬು ಒತ್ತಿಕೊಂಡು ಕೆಮ್ಮಬೇಕು. ಧಣಿಯ ಮಗ ಕೊಲ್ಹಾಪುರದಿಂದ ಮಖಮಲ್ಲಿನ ದಿಂಬು ತಂದ. ನಾವು ನನ್ನ ಹಳೆ ಸೀರೆ ಮಡಚಿ ಕೊಟ್ಟೆವು. ಕೆಮ್ಮಿಗೆ ಎರಡೂ ನಡೆಯುತ್ತವೆ.

ಜೊತೆಗೆ ಒಂದು ಹೊಸ ಸಾಮಾನು ಕೊಟ್ಟರು. ಕೈಗೆ ಕಟ್ಟಿಕೊಳ್ಳುವ ಕರಿ ಪಟ್ಟಿ. ಅದು ಎದೆಬಡಿತ ಎಣಿಸುತ್ತದೆ. ಎಣಿಸಿದ್ದನ್ನು ಒಂದು ಬಿಳಿ ಡಬ್ಬಿಗೆ ಹೇಳುತ್ತದೆ. ಡಬ್ಬಿ ಅದನ್ನು ದೂರದ ದವಾಖಾನೆಗೆ ಮುಟ್ಟಿಸುತ್ತದೆ. ಅಲ್ಲಿ ಪರದೆಯ ಮೇಲೆ ಒಬ್ಬೊಬ್ಬ ಪೇಶಂಟಿಗೆ ಒಂದೊಂದು ಬಣ್ಣ ಬರುತ್ತದೆ. ಹಸಿರು ಬಂದರೆ ಅಪಾಯವಿಲ್ಲ. ಹಳದಿ ಬಂದರೆ ಹುಷಾರಾಗಿರು. ಕೆಂಪು ಬಂದರೆ ಗಂಟು ಕಟ್ಟು, ದವಾಖಾನೆಗೆ ನಡೆ. ಇಷ್ಟೆಲ್ಲ ಕೇಳಿ ನಮ್ಮತ್ತೆ, "ಇಲ್ಲಿದ್ದ ಅಲ್ಲಿಗಿ ಹಚ್ಚಿಕೊಡಾವ್ರು ಊರಾಗ ಮೊದಲ ಭಾಳ ಮಂದಿ ಅದಾರ. ಈಗ ಅದಕ್ಕೂ ಮಸೀನ ಬಂತ?" ಎಂದಳು.

ಡಬ್ಬಿಗೆ ಕರೆಂಟು ತಪ್ಪಬಾರದು, ವೈಫೈ ಬೇಕು. ನಮ್ಮ ಕೇರಿ ಹೊಳೆಯ ತಗ್ಗಿನಲ್ಲಿದೆ. ಅಲ್ಲಿ ಫೋನಿನಲ್ಲಿ ಮಾತಾಡಬೇಕಾದರೆ ಸಮಾಜ ಮಂದಿರದ ಕಟ್ಟೆ ಹತ್ತಬೇಕು. ಕರೆಂಟು ತನಗೆ ಮನಸ್ಸಾದಾಗ ಬಂದು ಹೋಗುತ್ತದೆ. ವಾಡೆಯಲ್ಲಿ ಇನ್ವರ್ಟರು, ವೈಫೈ ಎಲ್ಲ ಇವೆ. ಹೀಗಾಗಿ ಎರಡು ಎದೆಗೂ ಕೂಡಿ ಒಂದೇ ಡಬ್ಬಿ, ಅದೂ ವಾಡೆಯ ಪಡಸಾಲೆಯಲ್ಲಿ, ತೂಗುಮಂಚದ ಪಕ್ಕ ಕೂತಿತು. ಹೊಳೆವ್ವ ದಿನಾ ಮುಂಜಾನೆ ಬಂದು ಡಬ್ಬಿಯ ಹತ್ತಿರ ಅರ್ಧ ತಾಸು ಸುಮ್ಮನೆ ಕೂತರೆ ಆಯಿತು ಎಂದ ಡಬ್ಬಿ ಕೂಡಿಸಲು ಬಂದವನು.

ಧಣಿ ಗಂಟಲು ಸರಿಮಾಡಿಕೊಂಡರು.

"ಹತ್ರ ಅಂದ್ರ ಎಷ್ಟ ಹತ್ರ? ಅಂಗಳದಾಗ ಇದ್ರ ನಡೆಯೂದಿಲ್ಲೇನು?"

ಅವನು ಪಟ್ಟಿ ಹಿಡಿದು ಅಂಗಳಕ್ಕೆ ಇಳಿದ. ನಡೆಯಿತು. ದನದ ಕೊಟ್ಟಿಗೆಯ ತನಕ ಹೋದ. ಅಲ್ಲಿಯೂ ನಡೆಯಿತು. ಧಣಿಯ ಮುಖ ಅರಳಿತು. ಅವರ ಹೆಂಡತಿ ಅಕ್ಕುತಾಯಿಗೆ ಅವರಿಗಿಂತ ಹೆಚ್ಚು ಸಮಾಧಾನವಾಯಿತು. ಆ ಡಬ್ಬಿಗೆ ಹೊಸ್ತಿಲು ಎಂಬುದು ಇರಲಿಲ್ಲ. ನಮಗಿತ್ತು.

ಧಣಿ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ನನ್ನ ಗಂಡ ಮಾಳು ಅವರ ಟ್ರ್ಯಾಕ್ಟರ್ ಓಡಿಸುತ್ತಾನೆ, ಅವನೂ ಹೇಳುತ್ತಾನೆ. ಹಿಂದೆ ವಾಡೆಯಲ್ಲಿ ನಮಗೆಂದು ಕಿವಿ ಮುರಿದ ಒಂದು ಕಪ್ಪು ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಕುಡಿದು, ತೊಳೆದು, ಅಲ್ಲೇ ಇಡಬೇಕು. ಈಗ ಕಾಲ ಸುಧಾರಿಸಿದೆ. ಅಂಕಲಿ ಪೇಟೆಯ ಅಂಗಡಿಯಿಂದ ಕಾಗದದ ಕಪ್ಪು ತರಿಸುತ್ತಾರೆ. ಕುಡಿದು ಒಗೆದರಾಯಿತು. ತೊಳೆಯುವ ತ್ರಾಸೂ ಇಲ್ಲ. ನಮ್ಮ ಮೇಲೆ ಅವರಿಗೆ ಅಷ್ಟು ಕಾಳಜಿ.

ನಾನು ನಸುಕಿಗೇ ಕಬ್ಬು ಕಡಿಯುವ ಕೊಯ್ತ ಹಿಡಿದು ಗ್ಯಾಂಗಿನ ಜೊತೆ ಹೋಗುತ್ತಿದ್ದೆ. ಅತ್ತೆ ಬಿಸಿಲೇರುವ ಮುಂಚೆ ಪಟ್ಟಿ ಕಟ್ಟಿಕೊಂಡು ವಾಡೆಗೆ ಹೋಗುತ್ತಿದ್ದಳು. ಸಂಜೆ ಬಂದು ಕೇಳಿದರೆ, "ಹೋಗಿದ್ನೆ, ಬಂದ್ನೆ. ಮಸೀನ ನನ್ನ ಎದಿ ಮಾತ ಕೇಳ್ತು," ಎನ್ನುತ್ತಿದ್ದಳು. ನಾನು ಅದರ ಮೇಲೆ ಕೇಳಲಿಲ್ಲ.

ಒಂದು ದಿನ ಅವಳ ಬಣ್ಣ ಹಳದಿಗೆ ತಿರುಗಿತು. ದವಾಖಾನೆಯಿಂದ ಫೋನು ಬಂತು. ಮಾತಾಡಿದವಳು ತೃಪ್ತಿ ಎಂಬ ನರ್ಸು. ಪರದೆಯ ಮುಂದೆ ಕೂತು ಬಣ್ಣ ನೋಡುವುದೇ ಅವಳ ಕೆಲಸ. ಒಳ್ಳೆಯ ಹುಡುಗಿ. ನಮ್ಮತ್ತೆಯನ್ನು ಚಿಕ್ಕಮ್ಮನಿಗೆ ಅನ್ನುವ ಹಾಗೆ ಮಾವಶಿ ಎಂದು ಕರೆಯುತ್ತಿದ್ದಳು. ಅವರಿಬ್ಬರ ಮಾತುಕತೆಯನ್ನು ಅತ್ತೆ ಸಂಜೆ ನನಗೆ ನಾಟಕ ಮಾಡಿ ತೋರಿಸಿದಳು.

"ಮಾವಶಿ, ಮುಂಜಾನೆ ನಿಮ್ಮ ಎದಿ ಭಾಳ ಓಡಾಕತ್ತೈತಿ. ಮೆಟ್ಲ ಹತ್ತಿದ್ರೇನ್ರಿ?"

"ನಮಗ ಮೆಟ್ಲ ಎಲ್ಲಿ ಬಂದ್ವು ನನ್ನವ್ವಾ."

"ಏನರೆ ಕೆಲಸ ಮಾಡಿದ್ರೇನ್ರಿ?"

"ಇಲ್ಲವ್ವಾ. ಕೆಲಸ ಬಿಟ್ಟ ಬಿಟ್ಟೀನಿ. ಸೊಸಿ ದುಡೀತಾಳ, ನಾ ಕುಂತ ಉಣ್ತೀನಿ."

"ಯಾರ ಜೋಡಿಯರೆ ಜಗಳಾ?"

"ಸೊಸಿ ನಸಕಿಗೇ ಕಬ್ಬಿಗಿ ಹೋಗಿರ್ತಾಳ. ಜಗಳಾ ಸಂಜಿಗಿ."

ತೃಪ್ತಿ ನಕ್ಕಳಂತೆ. ನಕ್ಕು, ಈ ಪೇಶಂಟು ಏನೂ ಕೆಲಸ ಮಾಡದೆ ಸುಮ್ಮನೆ ಕೂತಾಗಲೇ ಎದೆ ಹೀಗೆ ಓಡುತ್ತದೆ ಎಂದು ಡಾಕ್ಟರಿಗೆ ತಿಳಿಸಿದಳು. ಅವಳದೇನು ತಪ್ಪು? ಅವಳಿಗೆ ಹೇಳಿದ್ದು ಅಷ್ಟೇ. ಡಾಕ್ಟರು ಎದೆಯನ್ನು ನಿಧಾನ ಮಾಡುವ ಗುಳಿಗೆ ಏರಿಸಿದರು. ಅರ್ಧ ಇದ್ದದ್ದು ಪೂರ್ತಿಯಾಯಿತು. ಮರುವಾರ ಮತ್ತೆ ಹಳದಿ. ಗುಳಿಗೆ ಮತ್ತೆ ಏರಿತು.

ವಾಡೆಯಲ್ಲಿ ಮಾತ್ರ ದಿನಾ ಹಸಿರು. ಧಣಿ ತೂಗುಮಂಚದ ಮೇಲೆ ಕೂತು ಚಹಾ ಕುಡಿಯುತ್ತ ಎದೆಯ ಸುದ್ದಿ ಕಳಿಸುತ್ತಿದ್ದರು. ನಿಮ್ಮಂಥ ಪೇಶಂಟು ಇರಬೇಕು ಎಂದು ದವಾಖಾನೆಯವರು ಅವರನ್ನು ಹೊಗಳಿದರು. ಹೊಗಳಿಕೆ ಕೇಳಿದವರು ಸುಮ್ಮನಿರುತ್ತಾರೆಯೇ? ನಮ್ಮತ್ತೆಗೆ ಉಪದೇಶ ಶುರುವಾಯಿತು. "ಮನಸ್ಸ ಶಾಂತ ಇರಬೇಕ ನೋಡ ಹೊಳೆವ್ವಾ. ನೀವು ಮಂದಿ ಒಳಗೊಳಗ ಭಾಳ ಚಿಂತಿ ಮಾಡ್ತೀರಿ. ನನ್ನಂಗ ಆರಾಮ ಇರಾಕ ಕಲಿ."

ಅತ್ತೆ ಅದನ್ನು ನಂಬಿದಳು. ತನ್ನ ಎದೆಗೇ ಏನೋ ಕೆಟ್ಟ ಚಾಳಿಯಿದೆ ಎಂದುಕೊಂಡಳು. "ಧಣ್ಯಾರ ಎದಿ ನೋಡ, ಹೆಂಗ ಹೇಳಿದಂಗ ಕೇಳ್ತೈತಿ. ನಂದು ನಿನ್ನಂಗ, ಎದರ ಮಾತಾಡತೈತಿ," ಎಂದಳು.

ಗುಳಿಗೆ ಅವಳನ್ನು ತಿನ್ನತೊಡಗಿತು. ಕೈಕಾಲು ತಣ್ಣಗಾಗುತ್ತಿದ್ದವು. ಎದ್ದು ನಿಂತರೆ ಕಣ್ಣಿಗೆ ಕತ್ತಲು. ರೊಟ್ಟಿ ತಟ್ಟಲು ಕೂತವಳು ಹಿಟ್ಟಿನಲ್ಲೇ ಕೈಯಿಟ್ಟು ಗೋಡೆಗೆ ಒರಗುತ್ತಿದ್ದಳು. ಸಂಜೆ ನಾನು ಬೇಕೆಂದೇ ಕೆಣಕಿದರೂ ತಿರುಗಿ ಮಾತಾಡುತ್ತಿರಲಿಲ್ಲ. ಜಗಳಕ್ಕೂ ಬರದಂತಾದಳು. ಆಗ ನನಗೆ ಹೆದರಿಕೆ ಹೊಕ್ಕಿತು. ನಮ್ಮಿಬ್ಬರ ಜಗಳವಿಲ್ಲದ ಮನೆಯಲ್ಲಿ ಉಸಿರು ಕಟ್ಟುತ್ತಿತ್ತು.

ಆಮೇಲೆ ಕೆಂಪು ಬಂತು. ಸಮಾಜ ಮಂದಿರದ ಕಟ್ಟೆಯ ಮೇಲೆ ನಿಂತು ತೃಪ್ತಿಯ ಮಾತನ್ನು ನಾನೇ ಕೇಳಿದೆ. ಆ ಹುಡುಗಿಯ ದನಿಯಲ್ಲಿ ನಗು ಇರಲಿಲ್ಲ.

"ಅಕ್ಕಾ, ಸುಮ್ಮನ ಕುಂತಾಗನ ಇಷ್ಟ ಓಡತೈತಿ, ಇಷ್ಟ ಗುಳಗಿಗೂ ಇಳಿಯೂದಿಲ್ಲ ಅಂದ್ರ ಒಳಗ ಏನೋ ಕೆಟ್ಟೈತಿ ಅಂತಾರ ಡಾಕ್ಟರ್. ಇನ್ನೊಮ್ಮೆ ನರದಾಗ ನಳಿಗಿ ಹಾಕಿ ಎದಿ ನೋಡಬೇಕು. ಬೇಕಾದ್ರ ಮತ್ತ ತೆರೀಬೇಕಾಗತೈತಿ."

ಮನೆಗೆ ಬಂದು ಹೇಳಿದೆ. ಅತ್ತೆ ನಗಿಸಲು ನೋಡಿದಳು. "ಪದೇ ಪದೇ ತೆರೀಯಾಕ ಇದೇನ ಟ್ರಂಕ ಐತೇನ?" ಎಂದಳು. ನಾನು ನಗಲಿಲ್ಲ. ಅವಳ ನಗುವೂ ಅರ್ಧಕ್ಕೆ ನಿಂತಿತು. ನನ್ನ ಕೈ ಹಿಡಿದುಕೊಂಡಳು. ಅದಕ್ಕೆ ಮುಂಚೆ ಅವಳು ಎಂದಾದರೂ ನನ್ನ ಕೈ ಹಿಡಿದದ್ದು ನನಗೆ ನೆನಪೇ ಇಲ್ಲ.

"ಇನ್ನೊಮ್ಮೆ ಬ್ಯಾಡ ಗಂಗಾ. ಇನ್ನೊಮ್ಮೆ ಕೊಯ್ದ್ರ ನಾ ಏಳೂದಿಲ್ಲ."

ಮರುದಿನ ನಾನು ಕಬ್ಬಿಗೆ ಹೋಗಲಿಲ್ಲ. ತಲೆ ತಿರುಗಿ ದಾರಿಯಲ್ಲಿ ಬಿದ್ದಾಳೆಂದು ಅವಳ ಜೊತೆಗೇ ವಾಡೆಗೆ ಹೊರಟೆ.

ಅಂಗಳಕ್ಕೆ ಕಾಲಿಟ್ಟೆವು. ಧಣಿ ತೂಗುಮಂಚದ ಮೇಲಿದ್ದರು. ಮಖಮಲ್ಲಿನ ದಿಂಬು ತೊಡೆಯ ಮೇಲಿತ್ತು. ಅಕ್ಕುತಾಯಿ ಬಾಗಿಲಿಗೆ ಬಂದರು.

"ಬಂದಿ ಹೊಳೆವ್ವಾ? ಹೆಂಗೂ ಬಂದೀಯಲ್ಲ, ಅಂಗಳದಾಗಿಂದ ಎಲಿ ಅಷ್ಟ ಒಂದ ಕಡೆ ಮಾಡ."

ಅವರು ಹೇಳಿ ಮುಗಿಸುವ ಮೊದಲೇ ಕಸಬರಿಗೆ ನಮ್ಮತ್ತೆಯ ಕೈಯಲ್ಲಿತ್ತು. ಅದು ಯಾವ ಮೂಲೆಯಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು. ಬಗ್ಗಿದಳು. ಅಂಗಳ ಹೊಡೆದಳು. ದೊಡ್ಡ ಅಂಗಳ.

"ಹೆಂಗೂ ಬಂದೀ, ಎಮ್ಮೀ ಕೆಳಗಿನ ಹೆಂಡಿ ತಗದ ತಿಪ್ಪಿಗಿ ಹಾಕ. ಸಣ್ಣ ಬುಟ್ಟಿ ತಗೋ ಮತ್ತ. ಭಾರ ಎತ್ತಬಾರದಂತ ಡಾಕ್ಟರ್ ಹೇಳ್ಯಾರ."

ನೋಡಿ, ಕಾಳಜಿ. ಬುಟ್ಟಿ ಸಣ್ಣದು. ಸಣ್ಣದಾದ್ದರಿಂದ ತಿಪ್ಪೆಗೆ ಹೆಚ್ಚು ಸಲ ಹೋಗಬೇಕು. ಅತ್ತೆ ಎಮ್ಮೆಯ ಕೆಳಗೆ ಕೂತು ಎರಡೂ ಕೈಯಿಂದ ಸೆಗಣಿ ಬಾಚಿದಳು. ಬುಟ್ಟಿ ತುಂಬಿದಳು. ಎತ್ತುವಾಗ ಒಂದು ಕೈ ಎದೆಯ ಮೇಲೆ ಒತ್ತಿಕೊಂಡಳು. ತಂತಿ ಕಟ್ಟಿದ ಜಾಗ ಒಳಗೆ ಕಟಕ್ ಎಂದಿತಂತೆ. ಹಲ್ಲು ಕಚ್ಚಿದಳು. ತಲೆಯ ಮೇಲಿಟ್ಟುಕೊಂಡು ನಡೆದಳು. ಕುತ್ತಿಗೆಯ ನರ ಹಗ್ಗದ ಹಾಗೆ ಎದ್ದಿತ್ತು. ಬೆವರು ಸುರಿಯುತ್ತಿತ್ತು. ಕೈಯಲ್ಲಿನ ಕರಿ ಪಟ್ಟಿಯ ಸಣ್ಣ ದೀಪ ಮಿಣುಕು ಮಿಣುಕು ಎನ್ನುತ್ತಿತ್ತು. ಅವಳ ಎದೆ ಎಷ್ಟು ಓಡುತ್ತಿದೆಯೆಂದು ಅದು ಒಂದೂ ಬಿಡದೆ ಎಣಿಸಿ ದವಾಖಾನೆಗೆ ಹೇಳುತ್ತಿತ್ತು.

ಮೇಲಿಂದ ಧಣಿ, "ಸಾವಕಾಶ ಹೊಳೆವ್ವಾ, ಸಾವಕಾಶ. ಶಾಂತ ಇರು," ಎಂದರು.

ನನ್ನ ತಲೆಗೆ ಬೆಂಕಿ ಬಿತ್ತು. ಓಡಿಹೋಗಿ ಅವಳ ತಲೆಯ ಮೇಲಿನ ಬುಟ್ಟಿ ಕಸಿದುಕೊಂಡೆ. ಕಸಿದುಕೊಂಡು ಏನು ಮಾಡಿದೆ? ಧಣಿಯ ಮುಂದೆ ಒಗೆದೆನೆ? ಇಲ್ಲ. ನಾನೇ ಹೊತ್ತು ತಿಪ್ಪೆಗೆ ಹಾಕಿಬಂದೆ. ಆ ಅಂಗಳದ ರೂಢಿ ಅಂಥದು. ಬಾಯಿ ಜೋರಿದ್ದವಳ ಕೈಯೂ ಅಲ್ಲಿ ಮೊದಲು ಅದನ್ನೇ ಮಾಡುತ್ತದೆ.

ಆಗ ಅತ್ತೆಯ ಸೊಂಟದ ಚಂಚಿಯಲ್ಲಿದ್ದ ಫೋನು ರಿಂಗಾಯಿತು. ಸೆಗಣಿಯ ಕೈಯಲ್ಲೇ ತೆಗೆದು ಕಿವಿಗೆ ಹಿಡಿದೆ. ತೃಪ್ತಿ.

"ಅಕ್ಕಾ, ಮಾವಶೀದು ಈಗ ಭಾಳ ಕೆಂಪ ತೋರಸಾಕತ್ತೈತಿ. ಏನ ಮಾಡಾಕತ್ತಾರ?"

"ಹೆಂಡಿ ಹೊರಾಕತ್ತಾಳ್ರಿ."

"ಏನಂದ್ರಿ?"

"ಹೆಂಡಿ. ಎಮ್ಮೀದು. ಅದಕ್ಕ ಮದಲ ಅಂಗಳ ಹೊಡದ್ಳು. ಆಮ್ಯಾಲ ನೀರ ಸೇದೂದೈತಿ ಕಾಣತೈತಿ."

"ಮತ್ತ ಏನೂ ಕೆಲಸ ಮಾಡೂದಿಲ್ಲ ಅಂತಿದ್ರಲ್ಲ ಮಾವಶಿ? ನಾ ದಿನಾ ಕೇಳ್ತಿದ್ನಿ!"

ನಾನು ಅತ್ತೆಯ ಕಡೆ ತಿರುಗಿದೆ. "ಬೇ ಅತ್ತಿ, ಕೆಲಸ ಮಾಡ್ತೀನಿ ಅಂತ ಈ ಹುಡಗೀಗಿ ಯಾಕ ಹೇಳಲಿಲ್ಲ ನೀ?"

ಅತ್ತೆ ಕೊಟ್ಟಿಗೆಯ ಕಂಬ ಹಿಡಿದು ಏದುಸಿರು ಬಿಡುತ್ತಿದ್ದಳು. ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. ಅವಳ ಮುಖದಲ್ಲಿ ಸುಳ್ಳು ಇರಲಿಲ್ಲ.

"ಇದು ಹೆಂಗ ಕೆಲಸ ಆಕ್ಕೈತಿ? ಕೆಲಸಾ ಅಂದ್ರ ಕರೀತಾರ, ಕೂಲಿ ಕೊಡ್ತಾರ. ಇದು ಹೆಂಗೂ ಬಂದಿರ್ತೀನಿ ಅಂತ ಮಾಡೂದು. ಇದಕ್ಕ ಯಾರ ಕೆಲಸ ಅಂತಾರ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳ ಅತ್ತೆಯೂ ಈ ಅಂಗಳಕ್ಕೆ ಹೆಂಗೂ ಬಂದವಳು. ಅವಳ ಅತ್ತೆಯೂ. ಕಾಳು ಕೇಳಲು ಬಂದರು, ಮಜ್ಜಿಗೆಗೆ ಬಂದರು, ಮಗುವಿಗೆ ಜ್ವರವೆಂದು ಬಂದರು. ಹೆಂಗೂ ಬಂದಿದ್ದರು, ಹೆಂಡಿ ಹೊತ್ತು ಹೋದರು. ಅವರ ಎದೆ ಎಷ್ಟು ಓಡಿತೆಂದು ಎಣಿಸಲು ಅವರ ಕೈಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ. ಈಗ ಕಟ್ಟಿದ್ದಾರೆ. ಎಣಿಸಿದ್ದಾರೆ. ಎಣಿಸಿ, ನಿನ್ನ ಎದೆಯೇ ಕೆಟ್ಟಿದೆ ಎಂದು ಗುಳಿಗೆ ಕೊಟ್ಟಿದ್ದಾರೆ. ವಾಡೆಯ ಸೆಗಣಿಗೆ ನಮ್ಮತ್ತೆ ಗುಳಿಗೆ ನುಂಗುತ್ತಿದ್ದಳು. ಹೀಗೇ ನಡೆದರೆ ಅದೇ ಸೆಗಣಿಗಾಗಿ ಅವಳನ್ನು ಮತ್ತೊಮ್ಮೆ ಕೊಯ್ಯುತ್ತಿದ್ದರು.

ತೃಪ್ತಿ ಡಾಕ್ಟರನ್ನು ಕೇಳಿ ಸ್ವಲ್ಪ ಹೊತ್ತಿಗೆ ತಿರುಗಿ ಫೋನು ಮಾಡಿದಳು.

"ಅಕ್ಕಾ, ಇವತ್ತಿನ ಗುಳಗಿ ಕೊಡಬ್ಯಾಡ್ರಿ. ನಾಳೆ ಮಾವಶಿ ಮನಿಯಿಂದ ಸಾವಕಾಶ ಬಂದು, ಡಬ್ಬಿ ಹತ್ರ, ಖುರ್ಚಿ ಮ್ಯಾಲ, ಬೆನ್ನ ಆನಿಸಿ ಅರ್ಧ ತಾಸ ಸುಮ್ಮನ ಕುಂದರಬೇಕು. ಮಾತಾಡಬಾರದು. ಅದು ಖರೇ ಲೆಕ್ಕ. ಅದು ಚಂದ ಬಂದ್ರ ನಳಿಗೀನೂ ಬ್ಯಾಡ, ಕೊಯ್ಯೂದೂ ಬ್ಯಾಡ. ಬರಲಿಲ್ಲಂದ್ರ ನಾಡದ ಕರಕೊಂಡ ಬರ್ರಿ."

"ಖುರ್ಚಿ ಪಡಸಾಲ್ಯಾಗ ಐತ್ರಿ," ಎಂದೆ.

"ಅಲ್ಲೇ ಕುಂದರ್ರಿ ಮತ್ತ," ಎಂದಳು ತೃಪ್ತಿ. ಅವಳಿಗೆ ಅದು ಸಣ್ಣ ಮಾತು.

ರಾತ್ರಿ ಊಟಕ್ಕೆ ಕೂತಾಗ ಮಾಳುವಿಗೆ ಎಲ್ಲ ಹೇಳಿದೆ. ಅವನ ತುತ್ತು ಕೈಯಲ್ಲೇ ಉಳಿಯಿತು.

"ಪಡಸಾಲ್ಯಾಗ? ಖುರ್ಚಿ ಮ್ಯಾಲ? ನಾಳೆ ನನ್ನ ಕೈಯಾಗಿನ ಸ್ಟೇರಿಂಗ್ ಕಸಗೊಂಡ್ರ ಏನ ಮಾಡ್ತಿ?"

"ನಿನ್ನ ಅವ್ವನ ಎದಿ ಕೊಯ್ದ್ರ ನೀ ಏನ ಮಾಡ್ತಿ?"

ಕೆಟ್ಟವನಲ್ಲ ನನ್ನ ಗಂಡ, ಅಂಜುಬುರುಕ. ಬಹಳ ಹೊತ್ತು ಯೋಚಿಸಿ ಒಂದು ದಾರಿ ಹುಡುಕಿದ. ಮುಂಜಾನೆ ಎದ್ದು ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ತಲೆಯ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತ. ಇದನ್ನೇ ಒಯ್ದು ಅಂಗಳದಲ್ಲಿ ಹಾಕುತ್ತೇನೆ, ಯಾರ ಮನಸ್ಸಿಗೂ ಬೇಸರವಾಗುವುದಿಲ್ಲ ಎಂದ.

ಅತ್ತೆ ಹಬ್ಬದ ಸೀರೆ ಉಟ್ಟು ಹೊರಗೆ ಬಂದಳು. ಮಗನನ್ನು, ಅವನ ತಲೆಯ ಮೇಲಿನ ಕುರ್ಚಿಯನ್ನು ನೋಡಿದಳು.

"ಇಳಸೋ ಅದನ್ನ. ಹಿಂಗ ಹೋದ್ರ ನಂದ ಮೆರವಣಿಗಿ ಅನ್ನತಾರ. ಅಲ್ಲಿ ಖುರ್ಚಿ ಅದಾವ."

ದಾರಿಯಲ್ಲಿ ಅವಳು ನನ್ನ ಹೆಗಲು ಹಿಡಿದು ಸಾವಕಾಶ ನಡೆದಳು. ಅವಳ ಕೈ ತಣ್ಣಗಿತ್ತು. ಹೆದರಿಕೆ ಆಗ್ತೈತೇನ ಎಂದು ಕೇಳಿದೆ. "ಹೂಂ. ಆದ್ರ ಕೊಯ್ಯೂದರ ಹೆದರಿಕಿ ಇದಕ್ಕಿಂತ ದೊಡ್ಡದ ಐತಿ," ಎಂದಳು.

ಅಂಗಳ ಬಂತು. ತೂಗುಮಂಚ ತೂಗುತ್ತಿತ್ತು. ಅಕ್ಕುತಾಯಿ ಬಾಗಿಲಿಗೆ ಬಂದರು. ಹಬ್ಬದ ಸೀರೆ ನೋಡಿ ಹುಬ್ಬೇರಿಸಿದರು. ಆದರೂ ಬಾಯಿಗೆ ರೂಢಿಯಾದ ಮಾತು ಬಂದೇಬಿಟ್ಟಿತು.

"ಬಂದಿ ಹೊಳೆವ್ವಾ? ಹೆಂಗೂ ಬಂದೀಯಲ್ಲ, ಎಮ್ಮೀಗಿ ನೀರ..."

ಅತ್ತೆ ಕಸಬರಿಗೆಯ ಮೂಲೆ ದಾಟಿದಳು. ಕೊಟ್ಟಿಗೆ ದಾಟಿದಳು. ಚಪ್ಪಲಿ ಬಿಟ್ಟು ಗೋಡೆ ಹಿಡಿದು ಮೆಟ್ಟಿಲು ಹತ್ತಿದಳು. ಒಂದು ಹತ್ತುತ್ತಾಳೆ, ನಿಲ್ಲುತ್ತಾಳೆ, ಉಸಿರು ತೆಗೆದುಕೊಳ್ಳುತ್ತಾಳೆ. ಇನ್ನೊಂದು ಹತ್ತುತ್ತಾಳೆ. ಹೊಸ್ತಿಲು ಬಂತು. ನೆಲ ನೋಡಿಕೊಂಡು ದಾಟಿದಳು. ಪಡಸಾಲೆಯಲ್ಲಿ ಡಬ್ಬಿಯ ಪಕ್ಕ ಬಂದವರಿಗೆಂದು ಹಾಕಿದ ಕಟ್ಟಿಗೆಯ ಕುರ್ಚಿ ಇತ್ತು. ಅದರ ಕೈ ಹಿಡಿದು, ತಿರುಗಿ, ಕೂತಳು. ಬೆನ್ನು ಆನಿಸಿದಳು. ಸೀರೆಯ ನಿರಿಗೆ ಸರಿ ಮಾಡಿಕೊಂಡಳು. ನಾನು ಅವಳ ಹಿಂದೆ ಹೋಗಿ ನಿಂತೆ. ಅವಳು ನೆಟ್ಟಗೆ ಕೂತಿದ್ದಳು.

ತೂಗುಮಂಚ ನಿಂತಿತು.

"ಹೊಳೆವ್ವಾ!" ಅಕ್ಕುತಾಯಿಯ ದನಿ ಚೀರಿತು. "ಎಲ್ಲಿ ಕುಂತೀ?"

"ಖುರ್ಚಿ ಮ್ಯಾಲ್ರಿ ಅಕ್ಕಾರ. ದವಾಖಾನಿಯಿಂದ ಹೇಳ್ಯಾರ್ರಿ."

"ಅಂಗಳದಾಗ ಕುಂದ್ರಬಾರದ ಏನ? ಯಾರ ಬ್ಯಾಡಂದಾರ?"

"ಅಂಗಳದಾಗ ನನಗ ಕುಂದ್ರಾಕ ಬರೂದಿಲ್ರಿ. ಅಲ್ಲಿ ಬಂದ್ರ ನನ್ನ ಕೈ ತಾನ ಕಸಬರಿಗಿ ಹುಡಕತೈತಿ."

ಧಣಿ ದಿಂಬನ್ನು ಎದೆಗೆ ಒತ್ತಿಕೊಂಡು ಎದ್ದು ಕೂತರು. ಅವರ ದನಿ ಈಗಲೂ ಸಣ್ಣದೇ ಇತ್ತು. ಅವರು ಎಂದೂ ಚೀರುವವರಲ್ಲ. ಚೀರುವ ಜರೂರು ಅವರಿಗೆ ಬಿದ್ದಿರಲಿಲ್ಲ.

"ನೋಡ ಹೊಳೆವ್ವಾ, ನಾ ಭೇದ ಮಾಡಾಂವಲ್ಲ. ಆದ್ರ ಮನಿತನಾ ಅಂದ ಮ್ಯಾಲ ಒಂದ ರೀತಿ ಇರತೈತಿ."

"ಇರತೈತ್ರಿ ಧಣ್ಯಾರ. ಎದಿಗೂ ಒಂದ ರೀತಿ ಇರತೈತಂತ. ಸುಮ್ಮನ ಕುಂತ್ರ ಸುಮ್ಮನ ಇರತೈತಂತ. ಇವತ್ತ ನೋಡೂಣು ಅಂತ ಬಂದೀನಿ."

"ನಾಳಿಂದ ಈ ಡಬ್ಬೀನ ಬಂದ್ ಮಾಡಸ್ತೀನಿ."

ಇಷ್ಟು ಹೊತ್ತು ಸುಮ್ಮನಿದ್ದ ನನ್ನ ಬಾಯಿ ಇನ್ನು ತಡೆಯಲಿಲ್ಲ. "ಮಾಡಸ್ರಿ. ನಿಮ್ಮ ಎದಿ ಸುದ್ದೀನೂ ಇದರಾಗನ ಹೋಗತೈತ್ರಿ ಧಣ್ಯಾರ. ಅದಕ್ಕ ಬ್ಯಾರೆ ಬಾಗಲಾ ಇಟ್ಟಿಲ್ಲ ಅವ್ರು."

"ಮಾಳುನ ಕರಿ," ಎಂದರು ಧಣಿ. "ನಾಳಿಂದ ಟ್ರ್ಯಾಕ್ಟರ್ ಮ್ಯಾಲ ಹತ್ತಬ್ಯಾಡ ಅನ್ನು."

ನಮ್ಮ ಹಿಂದೆಯೇ ಬಂದಿದ್ದ ಮಾಳು ಅಂಗಳದ ಗೇಟಿನಲ್ಲೇ ನಿಂತಿದ್ದ. ಕೇಳಿಸಿಕೊಂಡ. ಟ್ರ್ಯಾಕ್ಟರಿನ ಕೀಲಿ ಅವನ ಕೈಯಲ್ಲಿತ್ತು. ಅವ್ವನನ್ನು ನೋಡಿದ. ಆಮೇಲೆ ಕೀಲಿಯನ್ನು ತುಳಸಿಕಟ್ಟೆಯ ಮೇಲಿಟ್ಟು ಅಲ್ಲೇ ನಿಂತ. ಅವನ ಮುಖ ಬಿಳಿಚಿಕೊಂಡಿತ್ತು, ಆದರೆ ಅವ್ವಾ ಏಳು ಎಂದು ಅವನು ಅನ್ನಲಿಲ್ಲ. ಆ ಅಂಜುಬುರುಕನ ಮೇಲೆ ನನಗೆ ಅಂದು ಬಹಳ ಪ್ರೀತಿ ಬಂತು.

ಅಕ್ಕುತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅತ್ತೆಯ ಮುಂದೆ ಬಂದು ನಿಂತರು. ಮುಟ್ಟುವ ಹಾಗಿಲ್ಲ, ಎಬ್ಬಿಸುವುದು ಹೇಗೆ? ಒಂದು ಹೆಜ್ಜೆ ಮುಂದೆ ಇಟ್ಟರು, ಒಂದು ಹೆಜ್ಜೆ ಹಿಂದೆ ಇಟ್ಟರು. ಕೊನೆಗೆ ಬಾಯಿಂದಲೇ ಎಬ್ಬಿಸಲು ನೋಡಿದರು.

"ಏನೂ ಮಾಡದ ಬರೇ ಕುಂದ್ರಾಕ ಬಂದೀಯೇನ ನಮ್ಮ ಮನೀಗಿ?"

ಅತ್ತೆ ಕಣ್ಣು ಮುಚ್ಚಿದಳು. ಎರಡೂ ಕೈ ತೊಡೆಯ ಮೇಲಿಟ್ಟಳು.

"ಹೆಂಗೂ ಬಂದೀನಲ್ರಿ ಅಕ್ಕಾರ," ಎಂದಳು. "ಕುಂತ ಹೋಗ್ತೀನಿ."

ಆಮೇಲೆ ಮಾತಾಡಲಿಲ್ಲ. ಮಾತಾಡಬಾರದು ಎಂದಿದ್ದರಲ್ಲ. ವಾಡೆಯಲ್ಲಿ ಅವಳು ಏನನ್ನೂ ಮಾಡದೆ ಕಳೆದ ಮೊದಲ ಅರ್ಧ ತಾಸು ಅದು. ಎಮ್ಮೆಗಳು ನೀರಿಗೆ ಕೂಗಿದವು. ಯಾರೂ ಹೋಗಲಿಲ್ಲ. ಪಟ್ಟಿಯ ದೀಪ ಮಿಣುಕುತ್ತಿತ್ತು. ಅವಳ ಸೆರಗು ಒಂದೇ ಸಮ ಏರಿ ಇಳಿಯುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ.

ಫೋನು ರಿಂಗಾಯಿತು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ.

"ಅಕ್ಕಾ! ಮಾವಶೀದು ಹಸರ!" ತೃಪ್ತಿ ಕೂಗಿದಳು. "ಒಂದಿಷ್ಟೂ ಓಡವಲ್ಲದು. ಎಷ್ಟ ಚಂದ ನಡದೈತಿ! ಒಳಗ ಏನೂ ಕೆಟ್ಟಿಲ್ಲ. ನಳಿಗಿ ಬ್ಯಾಡ, ಕೊಯ್ಯೂದೂ ಬ್ಯಾಡ ಅಂದ್ರು ಡಾಕ್ಟರ್. ಗುಳಗಿ ಮದಲಿನಂಗ ಅರ್ಧಕ್ಕ ಇಳಸ್ರಿ. ಇವತ್ತ ಏನ ಮಾಡಿದ್ರಿ ಮಾವಶಿ?"

ಅತ್ತೆ ಕಣ್ಣು ಬಿಟ್ಟಳು. ಕಣ್ಣು ತುಂಬಿದ್ದವು.

"ಏನೂ ಮಾಡಲಿಲ್ಲವ್ವಾ," ಎಂದಳು. "ಖರೇನ ಏನೂ ಮಾಡಲಿಲ್ಲ."

"ದಿನಾ ಹಿಂಗ ಕುಂದರ್ರಿ ಮತ್ತ. ಆದ್ರ ಅಕ್ಕಾ, ಇನ್ನೊಂದ ಮಾತ." ತೃಪ್ತಿಯ ದನಿಗೆ ಗಾಬರಿ ಬಂತು. "ಅದೇ ಡಬ್ಬಿಯಿಂದ ಶ್ರೀಪಾಲ ಸಾಹೇಬ್ರದೂ ಬರಾಕತ್ತೈತಿ. ಅವ್ರದು ಎಂದೂ ಹಿಂಗ ಇರಲಿಲ್ಲ. ಇವತ್ತ ಕೆಂಪಂದ್ರ ಕೆಂಪ! ಎದಿ ಸಿಕ್ಕಂಗ ಓಡಾಕತ್ತೈತಿ. ಏನ ಮಾಡಾಕತ್ತಾರ ಅವ್ರು? ಏನರೆ ಭಾರ ಎತ್ತಿದ್ರೇನ?"

ನಾನು ಧಣಿಯ ಕಡೆ ನೋಡಿದೆ. ದಿಂಬು ಎದೆಗೆ ಒತ್ತಿಕೊಂಡು ಕೂತಿದ್ದರು.

"ಇಲ್ರಿ," ಎಂದೆ. "ಏನೂ ಎತ್ತಿಲ್ಲ. ನಮ್ಮತ್ತಿ ಕುಂತದ್ದ ನೋಡಾಕತ್ತಾರ್ರಿ."